ಜೇಬಿನಲ್ಲಿದ್ದ ಮ್ಯಾಗ್ನೆಟ್

ಹೊಸೂರಿನ ಸೂಪರ್ ಮಾರ್ಕೆಟ್‌ನಲ್ಲಿ ನನ್ನ ಕಾರ್ಡನ್ನು ಮೂರು ಸಲ ಉಜ್ಜಿದರೂ ಮೆಷಿನ್ ಒಪ್ಪಲಿಲ್ಲ. "ದುಡ್ಡಿಲ್ದೆ ಯಾಕ್ ಬತ್ತಾರೋ," ಅಂತ ಕ್ಯೂನಲ್ಲಿ ಯಾರೋ ಗೊಣಗಿದರು. ಮಗಳ ಹಾಲಿನ ಪುಡಿ ಡಬ್ಬಿಯನ್ನು ವಾಪಸ್ ಇಡಲು ಹೊರಟೆ.

ಹಿಂದಿದ್ದ ಹೆಂಗಸು ನನ್ನ ಅಂಗಿಯ ಗ್ರೀಸ್ ನೋಡಿ, "ಇರಣ್ಣ, ಲೇತ್ ಕೆಲ್ಸವಾ?" ಅಂದರು. ತಲೆಯ ಪಿನ್ನು ತೆಗೆದು ನನ್ನ ಜೇಬಿನ ಹತ್ತಿರ ಹಿಡಿದರು. ಟಕ್ಕನೆ ಅಂಟಿಕೊಂಡಿತು! ಲೇತ್ ಮೆಷಿನ್ನಿಂದ ಉದುರುವ ಕಬ್ಬಿಣದ ಚೂರು ಎತ್ತುವ ಮ್ಯಾಗ್ನೆಟ್ಟನ್ನು ಕಾರ್ಡಿನ ಜೊತೆಗೇ ಇಟ್ಟುಕೊಂಡಿದ್ದೆ.

"ನಮ್ ಯಜಮಾನ್ರೂ ಹಿಂಗೇ ಮ್ಯಾಗ್ನೆಟ್ ತಾಗ್ಸಿ ಕಾರ್ಡಿನ ಕರೀ ಪಟ್ಟಿ ಕೆಡಿಸ್ಕಂಡಿದ್ರು. ಉಜ್ಜೋದ್ ಬಿಟ್ಟು ಕಾರ್ಡ್ ಮೇಲಿನ ನಂಬರ್ ಒತ್ತಮ್ಮ, ಆಯ್ತದೆ," ಎಂದು ಬಿಲ್ ಹಾಕುವ ಹುಡುಗಿಗೆ ಹೇಳಿದರು. ಆಯಿತು. ಗೊಣಗಿದವರೂ ನಕ್ಕರು. ಕೈಮುಗಿದು ಬಂದೆ.

ಮನೆಯಲ್ಲಿ ಮಗಳು ಹೊಟ್ಟೆ ತುಂಬ ಹಾಲು ಕುಡಿದು ಮಲಗಿದಳು. ನಾನು ಮಾತ್ರ, ಜೇಬಿಗೆ ಅಂಟಿಕೊಂಡೇ ಬಂದಿದ್ದ ಹೇರ್‌ಪಿನ್ ಯಾರದ್ದು ಅಂತ ಹೆಂಡತಿಗೆ ವಿವರಿಸುತ್ತ ಕೂತಿದ್ದೆ.