ಸುಬ್ಬಿ ಬೇಡವೆಂದ ಮಶೀನು

ಚರ್ಚಿನ ಹಿಂದಿನ ಸಭಾಗೃಹದಲ್ಲಿ ಹೊಲಿಗೆ ಮಶೀನುಗಳ ಟಕಟಕ ಶುರುವಾದರೆ ಹೊನ್ನಾವರದ ಆ ಓಣಿಗೆಲ್ಲ ಕೇಳುತ್ತಿತ್ತು. ಮೀನು ಮಾರುವ ಮರ್ಸೆಲಿನ್ ಬಾಯಿಯ ಮನೆಯ ಹಿಂಬದಿ ಕೋಣೆಯಲ್ಲಿ ಮಾತ್ರ ಅದು ಗೋಡೆ ದಾಟಿ ಬಂದು ಸುಬ್ಬಿಯ ಎದೆಯ ಮೇಲೆ ಕೂರುತ್ತಿತ್ತು.

ಸುಬ್ಬಿ ತೆಂಗಿನಗುಂಡಿಯ ಮೀನುಗಾರರ ಮನೆಯ ಹುಡುಗಿ. ಕೆಲಸ ಕೊಡಿಸುತ್ತೇವೆಂದು ಮುಂಬೈಗೆ ಕರೆದೊಯ್ದವರು ಅವಳನ್ನು ಅಲ್ಲಿ ಮಾರಿದ್ದರು. ಪೊಲೀಸರು ಬಿಡಿಸಿ ತಂದ ಮೇಲೆ ಊರಿಗೆ ಹೋಗಲು ಅವಳಿಗೆ ಮನಸ್ಸಾಗಲಿಲ್ಲ. ಚರ್ಚಿನವರು ಈ ಕೋಣೆ ನೋಡಿಕೊಟ್ಟರು. ಪೂಜೆಗೆ ಬಾ ಎಂದು ಯಾರೂ ಕರೆಯಲಿಲ್ಲ, ಆದದ್ದನ್ನು ಯಾರೂ ಕೆದಕಲಿಲ್ಲ. ಹೊಲಿಗೆ ಕಲಿ ಎಂದರು, ಅಷ್ಟೆ. ಬಂದ ಹುಡುಗಿಯರಿಗೆಲ್ಲ ಅಲ್ಲಿ ಹೊಲಿಗೆಯನ್ನೇ ಕಲಿಸುವುದು.

ಸುಬ್ಬಿ ಹೋಗುತ್ತಿದ್ದಳು. ಸೂಜಿಗೆ ದಾರ ಪೋಣಿಸಿ ಸುಮ್ಮನೆ ಕೂರುತ್ತಿದ್ದಳು. ನಾಚಿಕೆ ಇರಬೇಕೆಂದುಕೊಂಡು, ಹೊಲಿಗೆ ತರಗತಿ ನೋಡಿಕೊಳ್ಳುವ ಸಿಸ್ಟರ್ ಶರ್ಮಿಳಾ ಒಂದು ಶನಿವಾರ ನಗುತ್ತ ಹೇಳಿದರು: “ನಾಳೆ ನಿನಗೇ ಅಂತ ಒಂದು ಮಶೀನು ಬರ್ತದೆ. ಚರ್ಚಿನವರೆಲ್ಲ ಸೇರಿ ಕೊಡುವುದು.”

ಆ ಸಂಜೆ ಮರ್ಸೆಲಿನ್ ಬಾಯಿ ಮಾರಿ ಉಳಿದ ಬಂಗಡೆ ತಂದಿದ್ದಳು. ಸುಬ್ಬಿ ಹಿತ್ತಲಲ್ಲಿ ಕೂತು ಅದನ್ನು ಕೊಯ್ಯುತ್ತಿದ್ದಳು. ಅವಳ ಕೈ ನೋಡುತ್ತ ಬಾಯಿ ಕೆಣಕಿದಳು: “ಮೀನಿನ ಮುಂದೆ ರಾಣಿ! ಮಶೀನಿನ ಮುಂದೆ ಎಂತಕ್ಕೆ ಒಣ ಶೆಟ್ಲಿ ಮೀನಿನ ಹಾಂಗೆ ಮುರುಟಿ ಕೂರ್ತಿ ಹುಡ್ಗಿ?”

ಸುಬ್ಬಿ ನಗಲಿಲ್ಲ. “ಹೊಲಿಗೆ ಕೆಲ್ಸ ಅಂತ ಹೇಳೇ ಬಾಯಮ್ಮ, ನನ್ನ ಮುಂಬೈಗೆ ಕರ್ಕಂಡ್ ಹೋದದ್ದು.”

ಬಾಯಿ ಕೈ ತೊಳೆದು ಬಂದು ಅವಳ ಪಕ್ಕ ಕೂತಳು. “ಸಿಸ್ಟರ್‌ಗೆ ಹೇಳು.”

“ಮಶೀನು ಬ್ಯಾಡ ಅಂದ್ರೆ ಕೋಣೆನೂ ಬಿಡು ಅಂದ್ರೆ?”

“ಹೇಳಿ ಕಾಣು. ನಾ ಸಂಗಡ ಬತ್ತೆ.”

ಬೆಳಿಗ್ಗೆ, ಪೂಜೆಯ ಗಂಟೆಗೆ ಮೊದಲೇ, ಇಬ್ಬರೂ ಕಾನ್ವೆಂಟಿಗೆ ಹೋದರು. ಸುಬ್ಬಿ ನಿನ್ನೆಯ ಆ ಮಾತನ್ನೇ ಇನ್ನೊಮ್ಮೆ ಹೇಳಿದಳು. ಸಿಸ್ಟರ್ ಕೈಯಲ್ಲಿದ್ದ ಜಪಮಾಲೆಯನ್ನು ಮೇಜಿನ ಮೇಲಿಟ್ಟರು.

“ಮೊದಲು ನಿನ್ನನ್ನೇ ಕೇಳಬೇಕಿತ್ತು,” ಎಂದರು. “ಕೋಣೆಯ ಚಿಂತೆ ಬೇಡ. ಇರ್ತೇನೆ ಅಂದಷ್ಟು ದಿನ ಅದು ನಿಂದೇ. ಈಗ ಹೇಳು, ಎಂತ ಮಾಡ್ಬೇಕು ಅಂತ ಆಸೆ?”

“ಮೀನು ಮಾರ್ಬೇಕು.”

“ಪೇಟೆಯಲ್ಲಿ ಯಾರ ಮಗಳು, ಇಷ್ಟು ದಿನ ಎಲ್ಲಿದ್ದೆ ಅಂತೆಲ್ಲ ಕೇಳ್ತಾರಲ್ಲ?”

“ಕೇಳ್ಲಿ ಸಿಸ್ಟರ್,” ಎಂದಳು ಬಾಯಿ. “ನನ್ ಹತ್ರ ರೇಟು ಕೇಳೂಕೇ ಜನ ಹೆದರ್ತ್ರು. ಇವ್ಳ ಊರು ಕೇಳ್ತ್ರಾ?”

ಸಿಸ್ಟರ್ ನಕ್ಕುಬಿಟ್ಟರು. ಸುಬ್ಬಿಯ ಮುಖವೂ ಸಡಿಲಾಯಿತು.

“ಮಶೀನಿನ ವಿಷಯ ಫಾದರ್‌ಗೆ ನಾನು ಹೇಳ್ತೇನೆ. ಕಾರಣ ಹೇಳೂದಿಲ್ಲ. ಬುಟ್ಟಿ, ತಕ್ಕಡಿ ಕೊಡಿಸಿದ್ರೆ ಸಾಕಾ?”

“ಆತು ಸಿಸ್ಟರ್. ಎಂಥಾ ಬುಟ್ಟಿ ಅಂತ ಆಮೇಲೆ ಹೇಳ್ತೆ, ಈಗ ದೋಣಿ ಬರೂ ಹೊತ್ತು, ತಡ ಆದ್ರೆ ಒಳ್ಳೇ ಮೀನೆಲ್ಲ ಆಚೆ ದಡದ ಕಾಸರಕೋಡಿನವ್ರೇ...” ಎನ್ನುತ್ತಲೇ ಸುಬ್ಬಿ ಮೆಟ್ಟಿಲಿಳಿದು, ಬಾಯಿಗೂ ಕಾಯದೆ, ಬಂದರಿನ ಕಡೆ ನಡೆದೇಬಿಟ್ಟಳು.