ಕಡೇಗೆ ಏನ್ ಮಾಡ್ದೆ?

ಆಶಾನರ ಎಡಗೈ ಹೆಬ್ಬೆರಳಿಗೆ ಉಗುರಿರಲಿಲ್ಲ. ಯಾವುದೋ ಕಾಲದಲ್ಲಿ ಜೀಪಿನ ಫ್ಯಾನಿಗೆ ಸಿಕ್ಕಿ ಹಾರಿಹೋದದ್ದು ಮತ್ತೆ ಬೆಳೆಯಲಿಲ್ಲವಂತೆ. ಆ ಬೋಳು ಬೆರಳನ್ನು ವಯರಿನ ಮೇಲೆ ಸವರಿಯೇ ಅದು ಒಳಗೆ ಎಲ್ಲಿ ತುಂಡಾಗಿದೆ ಎಂದು ಹೇಳುತ್ತಿದ್ದರು. ಉಗುರಿದ್ದಿದ್ದರೆ ಇಷ್ಟು ತಿಳಿಯುತ್ತಿರಲಿಲ್ಲ ಎಂದು ಅವರ ವಾದ. ಅಂಗಿಯ ಜೇಬಿನಿಂದ ಸದಾ ಒಂದು ಕೆಂಪು ವಯರು ನೇತಾಡುತ್ತಿತ್ತು. ಜೇಬಿನೊಳಗೆ ಅದರ ತುದಿಗೆ ಒಂದು ಪುಟ್ಟ ಬಲ್ಬು. ಕರೆಂಟು ಬರುತ್ತಿದೆಯೋ ಇಲ್ಲವೋ ಎಂದು ತಾಗಿಸಿ ನೋಡುವುದಕ್ಕೆ. ಮದುವೆಮನೆಗೆ ಹೋದಾಗಲೂ ಅದು ಜೇಬಿನಲ್ಲೇ. "ನನ್ ಮರ್ತು ಬಂದಾರು, ಅದ್ನ ಮರೆಯಲ್ಲ" ಎಂದು ಅವರ ಹೆಂಡತಿ ನಗುತ್ತಿದ್ದರು. ಆಕೆಯನ್ನು ನಾನು ಅಕ್ಕ ಎಂದು ಕರೆಯುತ್ತಿದ್ದೆ.

ಕಾಟ್ಟಿಕುಳಂ ಜಂಕ್ಷನ್ನಿನಿಂದ ಬಾವಲಿ ಕಡೆಗೆ ಹೋಗುವ ರಸ್ತೆಯ ಬದಿಯಲ್ಲಿ ಅವರದೊಂದು ತಗಡಿನ ಶೆಡ್ಡು, ಅದರ ಹಿಂದೆಯೇ ಮನೆ. ವಾಹನಗಳ ವಯರಿಂಗ್ ಕೆಲಸ. ಕೈಕಸುಬು ಕಲಿಸುವ ಗುರುವಿಗೆ ಮಲಯಾಳದಲ್ಲಿ ಆಶಾನ್ ಅನ್ನುತ್ತಾರೆ. ಊರಿಗೆಲ್ಲ ಅವರು ಆಶಾನ್, ಹೆಸರು ಹಿಡಿದು ಕರೆದವರನ್ನು ನಾನು ಕಂಡಿಲ್ಲ. ನಮ್ಮ ಹಾಗೆ ಅವರ ಹಿರಿಯರೂ ಹೊಳೆಯಾಚೆಯ ಕರ್ನಾಟಕದಿಂದ ಬೇಸಾಯಕ್ಕೆಂದು ಬಂದವರು. ನಾನು ಶಾಲೆಯಲ್ಲಿ ಕಲಿತದ್ದು ಮಲಯಾಳ. ಕನ್ನಡದ ಅಕ್ಷರ ತಿದ್ದಿಸಿದ್ದು ಅಪ್ಪ. ಸ್ಟ್ಯಾಂಡಿನಲ್ಲಿ ಟ್ಯಾಕ್ಸಿ ಓಡಿಸುವ ನನಗೆ ದಿನದಲ್ಲಿ ನಾಲ್ಕು ಮಾತು ಕನ್ನಡ ಕಿವಿಗೆ ಬಿದ್ದರೆ ಅದು ಆಶಾನರಿಂದಲೇ.

ಯಾವ ವಾಹನ ಬಂದರೂ ಅವರು ಮೊದಲಿಗೇ ಬಾನೆಟ್ ಎತ್ತುತ್ತಿರಲಿಲ್ಲ. ಕುಕ್ಕುರುಗಾಲಲ್ಲಿ ಕೂತು, ಓಡಿಸಿಕೊಂಡು ಬಂದವನಿಗೆ ಒಂದು ಕಟ್ಟನ್ ಚಾಯ ತರಿಸಿ, ಹಾಲಿಲ್ಲದ ಆ ಬಿಸಿ ಚಾಯ ಅವನ ಗಂಟಲಿಗಿಳಿಯುವಾಗ ಕೇಳುತ್ತಿದ್ದರು. ಉಳಿದವರಿಗೆ ಮಲಯಾಳದಲ್ಲಿ, ನಮ್ಮಂಥವರಿಗೆ ಕನ್ನಡದಲ್ಲಿ: "ಕೆಡೋಕ್ ಮುಂಚೆ, ಕಡೇಗೆ ಏನ್ ಮಾಡ್ದೆ?"

ಏನೂ ಮಾಡಿಲ್ಲ ಎಂದವನಿಗೆ ಎರಡನೇ ಚಾಯ ಬರುತ್ತಿತ್ತು. ಒಮ್ಮೆ ಶುಂಠಿ ಸಾಗಿಸುವ ಪಿಕಪ್ಪಿನವನೊಬ್ಬ ಮೂರು ಚಾಯ ಕುಡಿದ ಮೇಲೆ, ಭಾಮೈದನ ಕೈಯಲ್ಲಿ ಹೊಸ ಹಾರನ್ ಹಾಕಿಸಿದ್ದನ್ನು ಒಪ್ಪಿಕೊಂಡ. ಅವನು ಹೋದ ಮೇಲೆ, ಯಾವ ವಾಹನಕ್ಕೂ ಮಲಯಾಳದ ಹಾಗೆ ವಂಡಿ ಎನ್ನುವ ಆಶಾನ್ ನನಗೆ ಹೇಳಿದರು: "ವಂಡಿ ಸುಳ್ಳ್ ಹೇಳಲ್ಲ ಮಗ, ಓಡ್ಸೋನ್ ಹೇಳ್ತಾನೆ. ಅವ್ನ ಒಂದ್ ಸುಳ್ಳಿಗೆ ನಾನು ಅರ್ಧ ದಿನ ನೆಲದ್ ಮೇಲೆ ಮಲಗ್ಬೇಕು." ನನ್ನ ವಿಷಯದಲ್ಲಿ ಮಾತ್ರ ಅವರಿಗೆ ಅನುಮಾನವಿರಲಿಲ್ಲ. "ಇವ್ನಿಗೆ ಒಂದೇ ಚಾಯ ಸಾಕು" ಎಂದು ಬಂದವರ ಮುಂದೆಲ್ಲ ಹೇಳುತ್ತಿದ್ದರು. ನಾನು ಅದನ್ನು ಬಿರುದಿನ ಹಾಗೆ ಹೊತ್ತು ತಿರುಗುತ್ತಿದ್ದೆ.

ಎಲೆಕ್ಟ್ರಿಕ್ ಕಾರುಗಳು ನಮ್ಮ ಕಡೆ ಬರತೊಡಗಿದಾಗ, ಆಶಾನರ ಕಾಲ ಮುಗಿಯಿತು ಎಂದು ಸ್ಟ್ಯಾಂಡಿನವರು ಆಡಿಕೊಂಡರು. ಆಶಾನ್ ಹೋಗಿ ಒಂದು ಜೊತೆ ದಪ್ಪ ರಬ್ಬರ್ ಗ್ಲೌಸು ತಂದರು. ನಾನು ಹಳೆಯ ಡೀಸೆಲ್ ಕಾರು ಕೊಟ್ಟು ಎಲೆಕ್ಟ್ರಿಕ್ ಕಾರು ತಂದಾಗ ಒಂದು ಮಧ್ಯಾಹ್ನವೆಲ್ಲ ಅದರ ಮುಂದೆ ಕೂತಿದ್ದು ತೀರ್ಪು ಕೊಟ್ಟರು: "ಆರೆಂಜ್ ವಯರು ಯಮಂದು, ನಾನ್ ಮುಟ್ಟಲ್ಲ. ಮಿಕ್ಕಿದ್ದೆಲ್ಲ ನಂದು." ಕಾರನ್ನು ಓಡಿಸುವ ದೊಡ್ಡ ಬ್ಯಾಟರಿಯ ವಯರುಗಳು ಕಿತ್ತಳೆ ಬಣ್ಣದವು, ಮುಟ್ಟಿದರೆ ಉಳಿಗಾಲವಿಲ್ಲ. ಲೈಟು, ಲಾಕು, ಸ್ಕ್ರೀನು ಎಲ್ಲ ನಡೆಯುವುದು ಹಳೇ ಕಾರುಗಳಲ್ಲಿರುವಂಥದೇ ಒಂದು ಸಣ್ಣ ಬ್ಯಾಟರಿಯಿಂದ. ಆ ರಾಜ್ಯವನ್ನು ಅವರು ತಮಗಿಟ್ಟುಕೊಂಡರು. ನನ್ನ ಕಾರು ಚಾರ್ಜಿಗೆ ನಿಲ್ಲಲು ತಮ್ಮ ಶೆಡ್ಡಿನಲ್ಲೇ ಒಂದು ಪ್ಲಗ್ಗನ್ನೂ ಕೂರಿಸಿದರು.

ಅವರಿಗೆ ತಲೆನೋವಾದದ್ದು ಕಾರಲ್ಲ, ಅದರ ಸಾಫ್ಟ್‌ವೇರ್. ತೃಶ್ಶಿಲೇರಿಯ ನಿವೃತ್ತ ಮೇಷ್ಟ್ರೊಬ್ಬರ ಕಾರು ಒಂದು ಬೆಳಿಗ್ಗೆ ಅಲುಗಾಡದೆ ನಿಂತಿತು. ಸ್ಕ್ರೀನಿನ ತುಂಬ ಹಳದಿ ದೀಪಗಳು. ಫೋನು ಮಾಡಿದರೆ, ಲಾರಿ ಮೇಲೆ ಹೇರಿಕೊಂಡು ಘಟ್ಟದ ಕೆಳಗಿನ ಸರ್ವಿಸ್ ಸೆಂಟರಿಗೆ ತನ್ನಿ ಎಂಬ ಉತ್ತರ. ಆಶಾನರನ್ನು ನಾನೇ ಕರೆದುಕೊಂಡು ಹೋದೆ. ಹೊಸ ಸಾಫ್ಟ್‌ವೇರ್ ಹಾಕಲೇ ಎಂದು ಕಾರು ಕೇಳಿತು, ಹೂಂ ಅಂದೆ, ಚಾರ್ಜಿಗೆ ಹಾಕಿದ್ದಾಗ ಕರೆಂಟು ಹೋಗಿ ಹೋಗಿ ಬಂತು ಎಂದು ಮೇಷ್ಟ್ರು ಮೊದಲ ಚಾಯದಲ್ಲೇ ಎಲ್ಲವನ್ನೂ ಹೇಳಿದರು. ಆಶಾನ್ ಸಣ್ಣ ಬ್ಯಾಟರಿಯ ಮೈನಸ್ ವಯರು ಬಿಚ್ಚಿಟ್ಟರು. ಇನ್ನೊಂದು ಚಾಯ ಮುಗಿಸಿ ಮತ್ತೆ ಸೇರಿಸಿದರು. ಕಾರನ್ನು ಲಾಕ್ ಮಾಡಿ, ಸ್ವಲ್ಪ ಹೊತ್ತು ಯಾರನ್ನೂ ಹತ್ತಿರ ಬಿಡಲಿಲ್ಲ. ಆಮೇಲೆ ಕಾರು ಹೊಸದಾಗಿ ಕೇಳಿತು, ಪೂರ್ತಿ ಮಾಡಿಕೊಂಡಿತು, ಹೊರಟಿತು. "ಅರ್ಧ ಊಟದಲ್ಲಿ ಎಬ್ಬಿಸಿದ್ ಮಗೂ ಥರ ಇದು" ಅಂದರು. "ತಿರ್ಗಾ ಮೊದ್ಲಿಂದ ಕೂರಿಸ್ಬೇಕು." ಬರುವಾಗ ದಾರಿಯಲ್ಲಿ ನನಗೆ ಎಚ್ಚರಿಕೆ: "ನಿನ್ ವಂಡಿ ಕೇಳಿದ್ರೆ ಒತ್ತಬೇಡ. ನಿಮ್ಮಕ್ಕನ ಆಸ್ಪತ್ರೆ ಇಲ್ಲದ ದಿನ ನೋಡಿ ಇಬ್ರೂ ಕೂತ್ ಮಾಡಣ. ಓಡೋ ವಂಡೀನ ಬಿಚ್ಚಬಾರ್ದು."

ಅಕ್ಕನಿಗೆ ಆಗಲೇ ಕಿಡ್ನಿ ಎರಡೂ ಹೋಗಿದ್ದವು. ಸೋಮವಾರ, ಗುರುವಾರ ಮಾನಂದವಾಡಿಯಲ್ಲಿ ಡಯಾಲಿಸಿಸ್. ಜೀಪು ಹತ್ತುವ ಶಕ್ತಿಯಿರಲಿಲ್ಲ, ಬಸ್ಸಿನ ಕುಲುಕಾಟಕ್ಕೆ ವಾಂತಿ. ನನ್ನ ಕಾರಿಗೆ ಸದ್ದಿಲ್ಲ, ನಡುಕವಿಲ್ಲ. "ಇದ್ರಲ್ಲಿ ಕೂತ್ರೆ ಮನೇಲಿ ಕೂತಂಗೆ" ಅನ್ನುತ್ತಿದ್ದರು. ಆಶಾನ್ ಮುಂದಿನ ಸೀಟಿನಲ್ಲಿ, ಅಕ್ಕ ಹಿಂದೆ ಚೀಲ ತೊಡೆಯ ಮೇಲಿಟ್ಟುಕೊಂಡು. ಆ ದಿನಗಳಲ್ಲಿ ಆಕೆಯ ಜೀವ ನನ್ನ ಕಾರಿನ ಗಾಲಿಯ ಮೇಲಿತ್ತು. ಇದು ನನಗೆ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಹೇಳಿಕೊಳ್ಳುವ ಹಾಗೂ ಇಲ್ಲ.

ಒಂದು ಬುಧವಾರ ಸಂಜೆ ಶೆಡ್ಡಿನಲ್ಲಿ ಕಾರು ನಿಲ್ಲಿಸಿ ಚಾರ್ಜಿಗೆ ಹಾಕುವಾಗ, ಹೊಸ ಸಾಫ್ಟ್‌ವೇರ್ ಹಾಕಲೇ ಎಂದು ಸ್ಕ್ರೀನು ಮತ್ತೆ ಕೇಳಿತು. ವಾರದಿಂದ ಕೇಳುತ್ತಲೇ ಇತ್ತು. ಹೊಸದು ಹಾಕಿದರೆ ಒಂದು ಚಾರ್ಜಿಗೆ ಇನ್ನಷ್ಟು ದೂರ ಓಡುತ್ತದೆಂದು ಬರೆದಿತ್ತು. ಆಶಾನ್ ಒಳಗೆ ಹೋಗಿದ್ದರು. ನಲವತ್ತು ದಾಟಿದವನು ನಾನು, ನನ್ನ ಕಾರಿಗೆ ಇನ್ನೊಬ್ಬರ ಅಪ್ಪಣೆ ಕೇಳಬೇಕೇ ಎಂದು ಸಣ್ಣದೊಂದು ಗರ್ವ ತಲೆಗೇರಿತು. ಒತ್ತಿ ಮನೆಗೆ ಹೋದೆ. ಮಳೆ ಹಿಡಿದು ಕರೆಂಟು ಹೋಗುವುದು ಬರುವುದು ನಡೆದೇ ಇತ್ತು.

ಮರುದಿನ ಹರತಾಳ. ರಸ್ತೆಯ ಮೇಲೆ ಒಂದು ವಾಹನವಿಲ್ಲ, ಅಂಗಡಿಗಳೆಲ್ಲ ಬಾಗಿಲು ಹಾಕಿದ್ದವು. ಆಂಬುಲೆನ್ಸು ಬೇರೆ ರೋಗಿಯನ್ನು ಕರೆದುಕೊಂಡು ಘಟ್ಟ ಇಳಿದಿತ್ತು. ಕಾರಿನ ಗಾಜಿಗೆ "ಆಸ್ಪತ್ರೆ" ಎಂದು ಚೀಟಿ ಅಂಟಿಸಿ, ಅಕ್ಕನನ್ನು ಹಿಂದಿನ ಸೀಟಿನಲ್ಲಿ ಕೂರಿಸಿ ಬಟನ್ ಒತ್ತಿದೆ. ಹಳದಿ ದೀಪಗಳು ಒಂದರ ಹಿಂದೊಂದು ಹತ್ತಿಕೊಂಡವು. ಕಾರು ಅಲುಗಲಿಲ್ಲ.

ಕೆಲಸವಿಲ್ಲದ ಡ್ರೈವರುಗಳೆಲ್ಲ ಶೆಡ್ಡಿನ ಮುಂದೆ ನೆರೆದರು, ಕಲ್ಲೇಟಿಗೆ ಹೆದರಿ ಯಾರೂ ತಮ್ಮ ವಾಹನ ಹೊರತೆಗೆಯಲು ಒಪ್ಪಲಿಲ್ಲ. ಆಶಾನ್ ಮುಂದಿನ ಸೀಟಿನಿಂದ ಇಳಿದು ಬಂದು, ಚಾಯವಿಲ್ಲದೆಯೇ ಕೇಳಿದರು: "ಕಡೇಗೆ ಏನ್ ಮಾಡ್ದೆ?"

ಹಿಂದಿನ ಸೀಟಿನಿಂದ ಅಕ್ಕ ನನ್ನನ್ನೇ ನೋಡುತ್ತಿದ್ದರು.

"ಏನೂ ಮಾಡಿಲ್ಲ ಆಶಾನೇ. ಚಾರ್ಜಿಗ್ ಹಾಕಿ ಹೋದೆ, ಅಷ್ಟೇ."

ಬಾಯಿಂದ ಹೊರಬಿದ್ದ ಮೇಲೆ ಅದನ್ನು ಹಿಂದಕ್ಕೆ ತೆಗೆದುಕೊಳ್ಳುವುದು ನನ್ನಿಂದಾಗಲಿಲ್ಲ. ಅವರು ಎರಡನೇ ಸಲ ಕೇಳಲಿಲ್ಲ, ನನಗೆ ಒಂದೇ ಚಾಯ ಸಾಕಲ್ಲ. ಹಾಗಿದ್ದರೆ ಇಲಿ ಕಡಿದಿರಬೇಕು ಎಂದು ಗೋಣಿಚೀಲ ಹಾಸಿಕೊಂಡು ಕಾರಿನ ಕೆಳಗೆ ಹೋದರು. ಫ್ಯೂಸು ಒಂದೊಂದಾಗಿ ತೆಗೆದು ನೋಡಿದರು. ಕೆಂಪು ವಯರಿನ ಬಲ್ಬು ಎಲ್ಲಿ ತಾಗಿಸಿದರೂ ಉರಿಯುತ್ತಿತ್ತು. ಒದ್ದೆ ನೆಲದ ಮೇಲೆ ಮಲಗಿ ಆ ಬೆರಳಿನಿಂದ ಉದ್ದಕ್ಕೂ ವಯರು ಸವರಿದರು. ನಾನು ಟಾರ್ಚು ಹಿಡಿದುಕೊಂಡು ಪಕ್ಕದಲ್ಲಿದ್ದೆ. ಮೈನಸ್ ವಯರು ಬಿಚ್ಚಿ ಎಂದು ಹೇಳಲು ನಾಲಿಗೆಯ ತುದಿಯವರೆಗೆ ಬರುತ್ತಿತ್ತು, ಹೇಳಿದರೆ ಕಾರಣ ಕೇಳುತ್ತಾರೆ. ಹೀಗೆ ಎರಡು ಗಂಟೆ. ಇಷ್ಟು ಹೇಡಿ ನಾನೆಂದು ನನಗೆ ಅದಕ್ಕೆ ಮೊದಲು ಗೊತ್ತಿರಲಿಲ್ಲ.

ಕಡೆಗೆ ಅವರು ಎದ್ದು ಬಂದು, ಕೈ ಒರೆಸಿಕೊಂಡು, ಡ್ರೈವರ್ ಸೀಟಿನಲ್ಲಿ ಕೂತು ಸ್ಕ್ರೀನಿನ ಪುಟಗಳನ್ನು ಸರಿಸುತ್ತಾ ಹೋದರು. ಒಂದು ಕಡೆ ನಿಂತರು. ಅಲ್ಲಿ ಹೊಸ ಸಾಫ್ಟ್‌ವೇರ್ ಹಾಕಲು ಒತ್ತಿದ ತಾರೀಖು, ಹೊತ್ತು ಬರೆದಿತ್ತು: ಹಿಂದಿನ ದಿನ, ಸಂಜೆ. ಓದಿದರು. ನನ್ನ ಕಡೆ ನೋಡಲಿಲ್ಲ. ಇಳಿದು ಹೋಗಿ ಮೈನಸ್ ವಯರು ಬಿಚ್ಚಿದರು. ಮುಂದಿನದೆಲ್ಲ ಮೇಷ್ಟ್ರ ಕಾರಿಗಾದ ಹಾಗೆಯೇ ಆಯಿತು. ಕಾರು ಸಿದ್ಧವಾದಾಗ ಹತ್ತೂವರೆ ದಾಟಿತ್ತು. ಏನಾಗಿತ್ತು ಆಶಾನೇ ಎಂದು ಡ್ರೈವರೊಬ್ಬ ಕೇಳಿದ. ಆಶಾನ್ ಮಲಯಾಳದಲ್ಲಿ ಒಂದೇ ಮಾತು ಹೇಳಿದರು: "ಎಲಿ."

ಇಲಿ. ವಾಹನದ ವಿಷಯದಲ್ಲಿ ಅವರ ಬಾಯಿಂದ ನಾನು ಕೇಳಿದ ಒಂದೇ ಒಂದು ಸುಳ್ಳು ಅದು, ಅದೂ ನನ್ನ ಮಾನ ಉಳಿಸಲು.

ಆಸ್ಪತ್ರೆಯಲ್ಲಿ ನಮ್ಮ ಸರದಿಯ ಹೊತ್ತು ಕಳೆದಿತ್ತು. ಹಾಸಿಗೆಗಳೆಲ್ಲ ಭರ್ತಿ, ನಾಳೆ ಬೆಳಿಗ್ಗೆ ಮೊದಲು ಇವರದೇ ಎಂದರು. ತಿರುಗಿ ಬರುವಾಗ ಕಾರಿನಲ್ಲಿ ಮಾತಾಡಿದವರು ಅಕ್ಕ ಒಬ್ಬರೇ. "ನೀ ಯಾಕ್ ಮುಖ ಸಪ್ಪಗ್ ಮಾಡ್ಕಂಡಿದೀಯ? ಇಲಿ ಮಾಡಿದ್ದಕ್ಕೆ ನೀ ಏನ್ ಮಾಡೀಯ?"

ಆ ರಾತ್ರಿ ಆಕೆಗೆ ಮಲಗಿದರೆ ಉಸಿರು ಕಟ್ಟುತ್ತಿತ್ತಂತೆ, ಗೋಡೆಗೊರಗಿ ಕೂತೇ ಬೆಳಗು ಮಾಡಿದರಂತೆ. ಮರುದಿನ ಡಯಾಲಿಸಿಸ್ ಆಯಿತು. ಆದರೆ ಆಮೇಲೆ ಅಕ್ಕ ಮೊದಲಿನಂತಾಗಲಿಲ್ಲ. ಮೂರು ವಾರಕ್ಕೆ ಹೋಗಿಬಿಟ್ಟರು. ಹೃದಯ ಮೊದಲೇ ಸೋತಿತ್ತು, ಒಂದು ದಿನದ ಹೆಚ್ಚುಕಡಿಮೆಯಿಂದ ಆದದ್ದಲ್ಲ ಎಂದು ಡಾಕ್ಟರು ಹೇಳಿದರು. ಆ ಮಾತನ್ನು ನಾನು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ.

ಆಶಾನ್ ನನ್ನ ಮೇಲೆ ಮುನಿಸಿಕೊಳ್ಳಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು. ಕಾರು ಅವರ ಶೆಡ್ಡಿನಲ್ಲೇ ಚಾರ್ಜಾಗುತ್ತಿತ್ತು, ಚಾಯ ಎಂದಿನಂತೆ ಬರುತ್ತಿತ್ತು. ಒಂದೇ ಒಂದು ಬದಲಾಯಿತು. ಬೇರೆ ಯಾರ ವಾಹನ ಬಂದರೂ ಕುಕ್ಕುರುಗಾಲಲ್ಲಿ ಕೂತು ಕೇಳುತ್ತಿದ್ದವರು, ನನ್ನ ಕಾರು ಕೆಟ್ಟು ಬಂದರೆ ಏನೂ ಕೇಳದೆ ಸೀದಾ ಹೋಗಿ ಬಾನೆಟ್ ಎತ್ತುತ್ತಿದ್ದರು. ಒಮ್ಮೆ ಬಾಗಿಲಿನ ಲಾಕು ಕೆಟ್ಟಾಗ, ಮಳೆನೀರು ಹೋಗಿದೆ ಆಶಾನೇ, ಕಿಟಕಿ ಹಾಕಲು ನಾನೇ ಮರೆತದ್ದು ಎಂದು ಕೇಳದೆಯೇ ಹೇಳಿದೆ. "ನೋಡಣ" ಅಂದರು, ಅಷ್ಟೆ. ಮೂರು ವರ್ಷ ಹೀಗೇ ಕಳೆಯಿತು. ಅವರು ಕೇಳಲಿ ಎಂದು ಕಾಯುತ್ತಾ, ಕೇಳಿದರೆ ಹೇಳೋಣ ಎಂದುಕೊಳ್ಳುತ್ತಾ ಕಾಲ ತಳ್ಳಿದೆ.

ಆಮೇಲೆ ಅವರ ಶ್ವಾಸಕೋಶ ಕೆಟ್ಟಿತು. ಕಡೆಯ ವಾರ ನಾನು ಹೋದಾಗ ಕಿಟಕಿಯ ಪಕ್ಕದ ಮಂಚದಲ್ಲಿ ಎರಡು ದಿಂಬಿಗೆ ಒರಗಿದ್ದರು. ಮೈಮೇಲೆ ಜೇಬಿಲ್ಲದ ಬನಿಯನ್ನು, ಕೆಂಪು ವಯರು ಎಲ್ಲೂ ಇರಲಿಲ್ಲ. ಇನ್ನು ಕಾಯಬಾರದೆಂದು ಬಾಯಿ ತೆರೆದೆ.

"ಆಶಾನೇ, ಆವತ್ತು ಹರತಾಳದ್ ದಿನ ನಾನು..."

ಉಗುರಿಲ್ಲದ ಬೆರಳೆತ್ತಿ ತಡೆದರು. ಉಸಿರು ಕೂಡಿಸಿಕೊಳ್ಳಲು ಹೊತ್ತು ಹಿಡಿಯಿತು. "ವಂಡಿ ಈಗ ಓಡ್ತಾ ಇದ್ಯಾ?"

"ಓಡ್ತಾ ಇದೆ."

"ಬಿಡು ಮತ್ತೆ. ಓಡೋ ವಂಡೀನ ಬಿಚ್ಚಬಾರ್ದು."

ಅದು ಕ್ಷಮೆಯೋ, ಆ ದಿನವನ್ನು ಮತ್ತೆ ಕೇಳುವ ತ್ರಾಣ ಅವರಿಗಿರಲಿಲ್ಲವೋ ನನಗೆ ತಿಳಿಯದು. ನಾಲ್ಕು ದಿನಕ್ಕೆ ತೀರಿಕೊಂಡರು. ಹೆಗಲು ಕೊಟ್ಟವರಲ್ಲಿ ನಾನೂ ಒಬ್ಬ.

ಈಗ ಕಾರಿಗೆ ಏನಾದರೂ ಆದರೆ ಘಟ್ಟ ಇಳಿದು ಹೋಗುತ್ತೇನೆ. ಅಲ್ಲಿನ ಹುಡುಗರು ಒಂದು ವಯರು ಸಿಕ್ಕಿಸಿ ಕೈಯಲ್ಲಿನ ಸ್ಕ್ರೀನು ನೋಡುತ್ತಾರೆ. ಏನಾಯಿತೆಂದು ಹೇಳಹೋದರೆ ಬೇಡ ಅಣ್ಣಾ, ಇದೇ ಹೇಳುತ್ತೆ ಅನ್ನುತ್ತಾರೆ. ನನ್ನನ್ನು ಕೇಳುವವರು ಯಾರೂ ಉಳಿದಿಲ್ಲ. ಆಶಾನ್ ಕೇಳಿದ್ದು ಕನ್ನಡದಲ್ಲಿ, ಅದಕ್ಕೇ ಅಪ್ಪ ತಿದ್ದಿಸಿದ ಅಕ್ಷರದಲ್ಲಿ ಇದನ್ನು ಬರೆದಿದ್ದೇನೆ. ಬುಧವಾರ ಸಂಜೆ ಆರೂವರೆಗೆ, ನೀವು ಒಳಗೆ ಹೋದ ಮೇಲೆ, ಬೇಡವೆಂದು ನೀವು ಹೇಳಿದ್ದನ್ನು ನಾನೇ ಒತ್ತಿದೆ ಆಶಾನೇ. ಇಲಿ ಬಂದಿರಲಿಲ್ಲ.