ಬುದಯ್ಯದಲ್ಲಿ ಕಿರಿಮಗಳು ಕೇಳಿದ್ದು

ಇಪ್ಪತ್ತೆರಡು ವರ್ಷದಿಂದ ಕಾರ್ಕಳ–ಉಡುಪಿ ಬಸ್ಸಿನಲ್ಲಿ ಕಂಡಕ್ಟರ್ ಆಗಿರುವ ನನಗೆ ಕುಳಿತು ಪ್ರಯಾಣ ಮಾಡಿ ಅಭ್ಯಾಸವಿಲ್ಲ. ಮಂಗಳೂರಿನಿಂದ ಬಹ್ರೈನಿಗೆ ನಾಲ್ಕು ಗಂಟೆ, ಸುಮಾರು ಮೂರು ಸಾವಿರ ಕಿಲೋಮೀಟರು. ಅಷ್ಟೂ ಹೊತ್ತು ಸೊಂಟಕ್ಕೆ ಬೆಲ್ಟು ಬಿಗಿದು ಕೂರಿಸಿದರು. ಆದರೂ ಎರಡು ಸಲ ಎದ್ದು ಹಿಂದಿನ ಸಾಲಿನವರೆಗೆ ಹೋಗಿ ಬಂದೆ. ಎರಡನೆಯ ಸಲ ಗಗನಸಖಿ, “ಏನಾದರೂ ಬೇಕಿತ್ತಾ ಸರ್?” ಎಂದು ಕೇಳಿದಳು. ಸೀಟು ಭರ್ತಿಯಾಗಿದೆಯಾ ಎಂದು ನೋಡಲು ಬಂದೆ ಎಂದು ಅವಳಿಗೆ ಹೇಳಲಾದೀತೇ?

ಹೊರಟದ್ದು ಕಿರಿಮಗಳು ಶ್ರಾವ್ಯಾಳನ್ನು ನೋಡಲು. ಅವಳನ್ನು ಹೆತ್ತು ಇಪ್ಪತ್ತನೆಯ ದಿನಕ್ಕೆ ನನ್ನ ಹೆಂಡತಿ ವನಿತಾ ತೀರಿಕೊಂಡಳು. ನಾಲ್ಕು ತಿಂಗಳಾದಾಗ ಮಗುವನ್ನು ವಿದ್ಯಾ ಟೀಚರಿಗೂ ಅವರ ಗಂಡ ಗಣೇಶ್ ಅವರಿಗೂ ದತ್ತು ಕೊಟ್ಟೆ. ಟೀಚರ್ ನಮ್ಮ ಬಸ್ಸಿನ ದಿನದ ಪ್ರಯಾಣಿಕರು, ಬೈಲೂರಿನಲ್ಲಿ ಹತ್ತಿ ಉಡುಪಿಯಲ್ಲಿ ಇಳಿಯುವವರು. ಅವರಿಗೆ ಮಕ್ಕಳಿರಲಿಲ್ಲ. ಬಾಯಿಬಿಟ್ಟು ಕೇಳಿದ್ದು ನಾನೇ. ಮೂರು ದಿನ ಅವರು ಉತ್ತರ ಕೊಡಲಿಲ್ಲ. ನಾಲ್ಕನೆಯ ದಿನ ಬಸ್ಸಿನಿಂದ ಇಳಿಯುತ್ತ, “ಆಗ್ಬಹುದು ಸುಧಾಕರಣ್ಣ. ಆದ್ರೆ ಒಂದು ಶರತ್ತು. ಕೊಟ್ಟು ನೀವು ಮಾಯ ಆಗ್ಬಾರ್ದು” ಎಂದರು.

ಶ್ರಾವ್ಯಾಳಿಗೆ ಮೂರು ವರ್ಷವಾದಾಗ ಅವರು ಬಹ್ರೈನಿಗೆ ಹೋದರು. ಆದರೂ ಶರತ್ತು ಮುರಿಯಲಿಲ್ಲ. ಶುಕ್ರವಾರ ಶುಕ್ರವಾರ ವೀಡಿಯೊ ಕರೆ, ಎರಡು ವರ್ಷಕ್ಕೊಮ್ಮೆ ಊರಿನಲ್ಲಿ ಭೇಟಿ. ಎರಡು ದೋಣಿಗೆ ಕಾಲಿಟ್ಟ ಮಗು ನೀರಿಗೇ ಬೀಳುವುದು ಎಂದು ನೆಂಟರೆಲ್ಲ ನನ್ನನ್ನು ಹೆದರಿಸಿದ್ದರು.

ಈಗ ಅವಳಿಗೆ ಹನ್ನೊಂದು. ಕಳೆದ ದೀಪಾವಳಿಯ ಕರೆಯಲ್ಲಿ, “ಊರಪ್ಪ, ನನಗೊಂದು ಪ್ರಶ್ನೆ ಉಂಟು. ಫೋನಲ್ಲಿ ಕೇಳೂದಿಲ್ಲ” ಎಂದಳು. ಊರಪ್ಪ ಎಂದರೆ ನಾನು. ಗಣೇಶ್ ಅವರು ಪಪ್ಪ. ಪ್ರಶ್ನೆ ಯಾವುದೆಂದು ನನಗೆ ಗೊತ್ತಾಯಿತು. ಆಗ ಆರು ವರ್ಷದವಳಾಗಿದ್ದ ಅಕ್ಕ ದೀಕ್ಷಾಳನ್ನು ಇಟ್ಟುಕೊಂಡು ತನ್ನನ್ನೇ ಯಾಕೆ ಕೊಟ್ಟದ್ದು ಎಂದು. ಮೂರು ತಿಂಗಳು ಬಸ್ಸಿನಲ್ಲಿ ನಿಂತು ಉತ್ತರ ಹುಡುಕಿದೆ. ಸಿಕ್ಕಿದ ಉತ್ತರವೆಲ್ಲ ಸಂಜೆಯೊಳಗೆ ಸಪ್ಪೆಯಾಗುತ್ತಿತ್ತು. ಪಿಯುಸಿ ಪರೀಕ್ಷೆ ಹತ್ತಿರವಿದ್ದುದರಿಂದ ದೀಕ್ಷಾ ಬರಲಿಲ್ಲ. “ನೀವು ಹೋಗಿ ಬನ್ನಿ” ಎಂದು ನನ್ನ ಚೀಲ ಕಟ್ಟಿಕೊಟ್ಟಳು.

ಬುಧವಾರ ಮಧ್ಯಾಹ್ನ ಇಳಿದೆ. ಮರಳುಗಾಡು ಎಂದರೆ ಬೆವರು ಎಂದುಕೊಂಡು ಹೋದವನಿಗೆ ಜನವರಿಯ ಗಾಳಿ ಹಲ್ಲು ಕಟಕಟಿಸುವಂತೆ ಮಾಡಿತು. ಗಣೇಶ್ ಅವರು ತಮ್ಮ ಜಾಕೆಟ್ ತೊಡಿಸಿದರು. ಸಮುದ್ರದ ಮೇಲಿನ ಸೇತುವೆ ದಾಟಿ ಹತ್ತು ಕಿಲೋಮೀಟರು ಹೋದರೆ ಮಾಹೂಝ್. ಅಲ್ಲಿ ನಾಲ್ಕನೆಯ ಮಹಡಿಯಲ್ಲಿ ಅವರ ಮನೆ.

ಮನೆಯೊಳಗೆ ಕಾಲಿಟ್ಟವನು ಅಲ್ಲೇ ನಿಂತುಬಿಟ್ಟೆ. ಗೋಡೆಯಲ್ಲಿ ಗಣೇಶ್ ಅವರ ತಂದೆತಾಯಿಯ ಪಟ, ಶ್ರಾವ್ಯಾಳ ಹುಟ್ಟುಹಬ್ಬದ ಪಟ, ನಡುವೆ ವನಿತಾ. ದತ್ತುಪತ್ರ ನೋಂದಣಿಯಾದ ದಿನ ನಾನೇ ಕೊಟ್ಟಿದ್ದ ಚಿಕ್ಕ ಫೋಟೊವನ್ನು ದೊಡ್ಡದು ಮಾಡಿಸಿದ್ದರು. ಮಾಲೆ ಇರಲಿಲ್ಲ, ದೀಪ ಇರಲಿಲ್ಲ. ಮನೆಯವರಲ್ಲಿ ಒಬ್ಬಳ ಹಾಗೆ ನಗುತ್ತಿದ್ದಳು. ನಮ್ಮ ಮನೆಯಲ್ಲಿ ಅವಳ ಪಟಗಳೆಲ್ಲ ಕಪಾಟಿನೊಳಗೆ ಸೀರೆಗಳ ಅಡಿಯಲ್ಲಿವೆ. ಬೆಳಿಗ್ಗೆ ಅವಳ ಮುಖ ಕಂಡರೆ ನನಗೆ ಕೆಲಸಕ್ಕೆ ಹೋಗಲು ಆಗುತ್ತಿರಲಿಲ್ಲ.

“ನನ್ನ ಗದ್ದ ವನಿತಮ್ಮಂದೇ ಅಲ್ವಾ ಊರಪ್ಪ?” ಎಂದು ಶ್ರಾವ್ಯಾ ಪಟದ ಪಕ್ಕ ಹೋಗಿ ನಿಂತಳು.

“ಹೌದು. ಮೂಗು ಮಾತ್ರ ನಂದು. ಅದೊಂದು ಕ್ಷಮಿಸಿಬಿಡು” ಎಂದೆ. ಎಲ್ಲರೂ ನಕ್ಕರು.

ಊಟಕ್ಕೆ ಅಲ್ಲಿಯ ಶೇರಿ ಮೀನಿಗೆ ಟೀಚರ್ ನಮ್ಮ ತೆಂಗಿನಕಾಯಿ ಮಸಾಲೆ ಅರೆದು ಹಾಕಿದ್ದರು. ಊಟವಾದ ಮೇಲೆ ಹುಡುಗಿ ಟೀಚರ ಮಡಿಲಿಗೆ ಒರಗಿದಳು. ಅವರು ಟಿವಿ ನೋಡುತ್ತಲೇ ಅವಳ ಕೂದಲ ಸಿಕ್ಕು ಬಿಡಿಸಿದರು. ಅವರಿಗೆ ಅದು ದಿನದ ಕೆಲಸ. ಒಂದೇ ಒಂದು ಸಂಜೆ ಆ ಸಿಕ್ಕು ನನ್ನ ಕೈಗೆ ಸಿಗಬಾರದಿತ್ತೇ ಎಂದು ಆಸೆಯಾಯಿತು. ಕೇಳಿದ್ದರೆ ಟೀಚರ್ ಬಾಚಣಿಗೆ ಕೊಡುತ್ತಿದ್ದರು. ಕೇಳಲಿಲ್ಲ.

ಗುರುವಾರ ಈಸಾ ಟೌನ್. ಟೀಚರ್ ಕಲಿಸುವುದೂ ಶ್ರಾವ್ಯಾ ಓದುವುದೂ ಅಲ್ಲಿಯ ಶಾಲೆಯಲ್ಲಿ. ಕಾರು ಬೇಡವೆಂದು ಹಟ ಹಿಡಿದು ಮಧ್ಯಾಹ್ನ ಕೆಂಪು ಬಸ್ಸು ಹತ್ತಿದೆ. ಟಿಕೆಟ್ಟಿಗೆ ಅಲ್ಲಿಯ ಚಿಲ್ಲರೆ ಮುನ್ನೂರು ಫಿಲ್ಸ್. ಕಂಡಕ್ಟರ್ ಎಂಬ ಪ್ರಾಣಿಯೇ ಇಲ್ಲ. ಇಳಿಯುವವರು ಗುಂಡಿ ಒತ್ತುತ್ತಾರೆ, ಬಾಗಿಲು ತಾನೇ ಮುಚ್ಚಿಕೊಳ್ಳುತ್ತದೆ. ಬಾಗಿಲ ಬಳಿಯೇ ನಿಂತಿದ್ದ ನನಗೆ ಡ್ರೈವರ್, “ಬೈಠ್ ಜಾವೋ ಭಾಯ್, ಸೀಟ್ ಖಾಲಿ ಹೈ” ಎಂದು ಮೂರು ಸಲ ಹೇಳಿ ಸೋತ.

ಶಾಲೆ ಬಿಟ್ಟ ಹೊತ್ತಿಗೆ ಗೇಟಿನ ಮುಂದೆ ಬಸ್ಸು, ಕಾರುಗಳ ಜಾತ್ರೆ. ಗೆಳತಿಯರೊಂದಿಗೆ ಬಂದ ಶ್ರಾವ್ಯಾಳನ್ನು ಕಂಡು ನಾನು ಕಂಬದ ಮರೆಗೆ ಸರಿದೆ. ದೊಡ್ಡ ದೊಡ್ಡ ಮ್ಯಾನೇಜರುಗಳ ಮಕ್ಕಳ ನಡುವೆ ಅವಳಿಗೆ ಮುಜುಗರ ಬೇಡ ಎನಿಸಿತು. ಅವಳೋ ಅಲ್ಲಿಂದಲೇ “ಊರಪ್ಪಾ!” ಎಂದು ಕೂಗಿ ಓಡಿ ಬಂದಳು. ಗೆಳತಿ ಯಾರೆಂದು ಕೇಳಿದ್ದಕ್ಕೆ, “ಮೈ ಅದರ್ ಫಾದರ್. ಇಂಡಿಯಾದಲ್ಲಿ ಬಸ್ ಕಂಡಕ್ಟರ್. ಓಡುವ ಬಸ್ಸಲ್ಲಿ ಏನೂ ಹಿಡಿಯದೆ ನಿಲ್ತಾರೆ, ಗೊತ್ತುಂಟಾ?” ಎಂದಳು. ಆ ಹುಡುಗಿ ಬಾಯಿ ತೆರೆದು ನನ್ನ ಕಾಲುಗಳನ್ನು ನೋಡಿದಳು. ನಾನು ಕಂಬ ಬಿಟ್ಟು ಈಚೆ ಬಂದು ನೆಟ್ಟಗೆ ನಿಂತೆ.

ಶುಕ್ರವಾರ ರಜೆ. ಚಹಾ ಕುಡಿಯುತ್ತ ಟೀಚರ್, “ಹೀಗೆ ಹೋಗಿ ಬಂದು ಇರುವ ದತ್ತಿಗೆ ಈಗ ಓಪನ್ ಅಡಾಪ್ಶನ್ ಅಂತ ಹೇಳ್ತಾರಂತೆ. ನಮಗೆ ಹೆಸರು ಗೊತ್ತಿರ್ಲಿಲ್ಲ, ಅಷ್ಟೆ” ಎಂದರು.

“ಬಾಗಿಲು ತೆಗೆದಿಟ್ಟು ಓಡಿಸುವುದು ನಮಗೇನು ಹೊಸತಾ ಟೀಚರ್!” ಎಂದೆ.

ಅವರು ನಕ್ಕರು. ಆಮೇಲೆ ಸಣ್ಣ ಸ್ವರದಲ್ಲಿ, “ಸುರುವಿಗೆ ನನಗೆ ಹೆದರಿಕೆ ಇತ್ತು. ನಿಮ್ಮನ್ನು ಕಂಡ್ರೆ ನನ್ನನ್ನು ಬಿಟ್ಟುಬಿಡ್ತಾಳಾ ಅಂತ. ಹಾಗೆ ಆಗ್ಲೇ ಇಲ್ಲ. ಅವಳಿಗೆ ಮೂಗಲ್ಲಿ ರಕ್ತ ಬಂದಾಗ ಡಾಕ್ಟ್ರು, ಮನೆಯಲ್ಲಿ ಯಾರಿಗಾದ್ರೂ ಉಂಟಾ ಅಂತ ಕೇಳಿದ್ರು. ನಿಮಗೆ ಫೋನ್ ಮಾಡಿದೆ, ವನಿತಾಗೂ ಚಿಕ್ಕದರಲ್ಲಿ ಹಾಗೇ ಆಗ್ತಿತ್ತು ಅಂದ್ರಿ. ಆವತ್ತು ನನಗೆ ಎಷ್ಟು ಸಮಾಧಾನ ಆಯ್ತು ಗೊತ್ತುಂಟಾ?” ಎಂದರು.

ಶ್ರಾವ್ಯಾಳ ಪ್ರಶ್ನೆಯ ವಿಷಯ ತೆಗೆದೆ. “ನಾನು ಉತ್ತರ ಹೇಳಿಕೊಡೂದಿಲ್ಲ ಸುಧಾಕರಣ್ಣ. ಸುಳ್ಳು ಮಾತ್ರ ಬೇಡ. ಈವರೆಗೆ ಅವಳಿಗೆ ಯಾರೂ ಸುಳ್ಳು ಹೇಳ್ಲಿಲ್ಲ” ಎಂದರು.

ಶನಿವಾರ ಬೆಳಿಗ್ಗೆ ಬುದಯ್ಯದ ತೋಟದಲ್ಲಿ ರೈತರ ಸಂತೆ. ಎಳೆ ಮೂಲಂಗಿ, ಸಬ್ಬಸಿಗೆ, ಖರ್ಜೂರ, ಮಣ್ಣು ಅಂಟಿಕೊಂಡೇ ಇದ್ದ ಬೀಟ್ರೂಟು. ಟೀಚರೂ ಗಣೇಶ್ ಅವರೂ ಬೇಕೆಂದೇ ಹಿಂದೆ ಉಳಿದರು. ನಾವಿಬ್ಬರೂ ಎರಡು ಲೋಟ ಕರಕ್ ಚಾಯ್ ಹಿಡಿದು ಗೋಡೆಯ ಪಕ್ಕ ಬಿಸಿಲಿನಲ್ಲಿ ಕುಳಿತೆವು.

“ಕೇಳ್ಲಾ?” ಎಂದಳು. ತಲೆಯಾಡಿಸಿದೆ.

“ಅಕ್ಕನನ್ನು ಇಟ್ಕೊಂಡು ನನ್ನನ್ನು ಯಾಕೆ ಕೊಟ್ಟದ್ದು?”

ಕಾದಿದ್ದ ಪ್ರಶ್ನೆಯೇ. ಜೋಡಿಸಿಟ್ಟ ಉತ್ತರಗಳನ್ನು ಬದಿಗಿಟ್ಟೆ. “ಎರಡು ಗಂಟೆಗೊಮ್ಮೆ ನಿನಗೆ ಹಾಲು ಬೇಕಿತ್ತು ಮಗಾ. ನಾನು ಬೆಳಿಗ್ಗೆ ಐದೂವರೆಗೆ ಬಸ್ಸಿಗೆ ಹೋದ್ರೆ ರಾತ್ರಿ ಎಂಟಕ್ಕೆ ಬರೂದು. ಅಕ್ಕನಿಗೆ ಕಾಯ್ಲಿಕ್ಕೆ ಆಗ್ತಿತ್ತು. ನಿನಗೆ ಆಗ್ತಿರ್ಲಿಲ್ಲ” ಎಂದೆ.

“ಪ್ರೀತಿ ಕಡಿಮೆ ಅಂತ ಅಲ್ಲ?”

“ಅಲ್ಲ. ಕೊಟ್ಟ ಮೇಲೆ ಒಂದು ವಾರ ನಿನ್ನ ತೊಟ್ಟಿಲನ್ನು ಬಿಚ್ಚಲಿಕ್ಕೆ ಕೈ ಬರ್ಲಿಲ್ಲ.”

ಅವಳು ಚಾಯ್ ಊದುತ್ತ ಯೋಚಿಸಿದಳು. ಮುಖ ಹಗುರವಾದಂತೆ ಕಂಡಿತು. ನಾನೂ ಉಸಿರು ಬಿಟ್ಟೆ. ಆಗ ಅವಳು, “ಅಕ್ಕ ಎಲ್ಲಿ ಕಾಯ್ತಿದ್ದದ್ದು?” ಎಂದಳು.

“ಪಕ್ಕದ ಮನೆಯ ಜಗಲಿಯಲ್ಲಿ.”

“ದಿನಾ ರಾತ್ರಿ ಎಂಟರವರೆಗೆ?”

“ದಿನಾ.”

“ನನಗೆ ಮಮ್ಮಿ ಇದ್ರು, ಪಪ್ಪ ಇದ್ರು. ಶುಕ್ರವಾರ ನೀವು ಬರ್ತಿದ್ರಿ, ಫೋನಲ್ಲಿ. ಅಕ್ಕನಿಗೆ ಯಾರಿದ್ರು?”

ಸಂತೆಯ ಕಡೆ ನೋಡಿದೆ. ಅವಳು ಉತ್ತರಕ್ಕೆ ಒತ್ತಾಯಿಸದೆ, ತಣ್ಣಗಾದ ಚಾಯ್ ಲೋಟವನ್ನು ನನ್ನ ಕೈಯಿಂದ ತೆಗೆದುಕೊಂಡಳು.

ಅದೇ ಸಂಜೆ ವಿಮಾನ. ನಿಲ್ದಾಣದಲ್ಲಿ ಅವಳು ನನ್ನನ್ನು ಅಪ್ಪಿಕೊಂಡು, ಆಮೇಲೆ ಟೀಚರ ಕೈ ಹಿಡಿದು ನಡೆದಳು. ಆ ಎರಡು ಬೆನ್ನುಗಳು ಜನರ ನಡುವೆ ಕರಗುವವರೆಗೂ ನೋಡಿದೆ. ಕೊಟ್ಟದ್ದು ತಪ್ಪಲ್ಲ ಎಂದು ಅವತ್ತು ಖಚಿತವಾಯಿತು. ಆದರೆ ಎದೆಯ ಹಂಬಲಕ್ಕೆ ಸರಿ ತಪ್ಪು ತಿಳಿಯುವುದಿಲ್ಲ.

ಭಾನುವಾರ ಬೆಳಿಗ್ಗೆ ಮೂಡುಬಿದಿರೆಯ ದಾರಿಯಾಗಿ ಕಾರ್ಕಳ ಬಸ್ ನಿಲ್ದಾಣದಲ್ಲಿ ಇಳಿದಾಗ ಎಂಟು ಗಂಟೆ. ದೀಕ್ಷಾ ಬಂದು ನಿಂತಿದ್ದಳು. ಬರಬೇಕೆಂದು ನಾನು ಹೇಳಿರಲಿಲ್ಲ.

“ಅವಳು ಕೇಳಿದ್ಳಾ?” ಎಂದಳು.

“ನಿನಗೆ ಹೇಗೆ ಗೊತ್ತು?”

“ನಾವು ಮಾತಾಡ್ತೇವಲ್ಲ ಅಪ್ಪ. ಅವಳ ಪ್ರಶ್ನೆ ಆದ ಮೇಲೆ ನನ್ನದು ಅಂತ ಮಾತಾಗಿತ್ತು.”

ಹದಿನೇಳು ವರ್ಷದ ಈ ಹುಡುಗಿ ಈವರೆಗೆ ನನ್ನಲ್ಲಿ ಪುಸ್ತಕದ ದುಡ್ಡು ಬಿಟ್ಟರೆ ಬೇರೇನನ್ನೂ ಕೇಳಿದವಳಲ್ಲ. “ಕೇಳು” ಎಂದೆ.

“ಆವತ್ತು ನಾನು ಶಾಲೆಯಿಂದ ಬರುವಾಗ ತೊಟ್ಟಿಲು ಖಾಲಿ ಇತ್ತು. ತಂಗಿಯನ್ನು ಕೊಡುವ ಮೊದಲು ನನ್ನ ಹತ್ರ ಒಂದು ಮಾತು ಯಾಕೆ ಕೇಳ್ಲಿಲ್ಲ?”

ಸುತ್ತ ಬಸ್ಸುಗಳು ಹೊರಡುತ್ತಿದ್ದವು. ಸುಳ್ಳು ಬೇಡ ಎಂದು ಟೀಚರ್ ಹೇಳಿದ್ದು ಕಿರಿಯವಳ ವಿಷಯಕ್ಕೆ. ಅದು ಇವಳಿಗೂ ಸಲ್ಲಬೇಕಾಗಿತ್ತೆಂದು ನನಗೆ ಅಲ್ಲಿಯವರೆಗೂ ಹೊಳೆದಿರಲಿಲ್ಲ.

“ನೀನು ಬೇಡ ಅಂತ ಅತ್ತಿದ್ರೆ, ನನ್ನಿಂದ ಕೊಡ್ಲಿಕ್ಕೆ ಆಗ್ತಿರ್ಲಿಲ್ಲ ಮಗಾ” ಎಂದೆ.

“ಗೊತ್ತು,” ಎಂದಳು ದೀಕ್ಷಾ. “ಅದಕ್ಕೇ ಕೇಳ್ಬೇಕಿತ್ತು.”